ಅಳತೆಯ ಫ್ರಾಕು

ನನ್ನ ಚಿಕ್ಕಮ್ಮನಿಗೆ ಮುಖಗಳು ನೆನಪಿರುವುದಿಲ್ಲ, ಬಟ್ಟೆಗಳು ನೆನಪಿರುತ್ತವೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತನಾಡಿಸಿದರೆ ಬಾಯ್ತುಂಬ ನಗುತ್ತಾಳೆ, ಮನೆಮಂದಿಯನ್ನೆಲ್ಲ ವಿಚಾರಿಸುತ್ತಾಳೆ, ಅವರು ಅತ್ತ ತಿರುಗಿದ ಕೂಡಲೇ ನನ್ನ ಪಕ್ಕೆ ತಿವಿದು "ಯಾರೇ ಅದು?" ಅನ್ನುತ್ತಾಳೆ. "ನಿನ್ನ ಎದುರುಮನೆಯವರಲ್ವಾ ಚಿಕ್ಕಮ್ಮ!" ಅಂದರೆ ಕಣ್ಣು ಕಿರಿದು ಮಾಡಿ ಯೋಚಿಸಿ, "ಓ, ಬೂದಿ ಬಣ್ಣದ ಗೆರೆ ಪರದೆಯವಳು ಅನ್ನು ಮತ್ತೆ" ಅಂತ ನನ್ನನ್ನೇ ಗದರುತ್ತಾಳೆ.

ಹದಿನೆಂಟು ವರ್ಷ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ತೂರುವ ಕಿಂಡಿ ಹೊಲಿದಳು. ಅದೊಂದೇ ಕೆಲಸ. ಅಂಗಿಯ ಉಳಿದ ಭಾಗ ಯಾರು ಹೊಲಿಯುತ್ತಾರೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಕಾರ್ಖಾನೆ ಬಾಗಿಲು ಹಾಕಿದ ದಿನ ಮಿಕ್ಕವರು ಕುರ್ಚಿ, ಫ್ಯಾನು ಅಂತ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರೆ, ಇವಳು ಕತ್ತರಿಸುವ ಮೇಜಿನ ಕೆಳಗಿದ್ದ ತುಂಡು ಬಟ್ಟೆಗಳನ್ನು ಎರಡು ಮೂಟೆ ಕಟ್ಟಿಕೊಂಡು ಬಂದಳು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ನಾನು 'ಚಿಂದಿ ಚಿಕ್ಕಮ್ಮ' ಅಂತ ಹೆಸರಿಟ್ಟೆ. ಆ ಹೆಸರು ಊರಿಗೆಲ್ಲ ಹಬ್ಬಿತು. ಅವಳಿಗೇನೂ ಬೇಜಾರಿಲ್ಲ. ನನಗೇ ಈಗ ಹಾಗೆ ಕರೆಯಲು ನಾಚಿಕೆಯಾಗುತ್ತದೆ.

ಮುಚ್ಚಿದ ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಮನೆ, ಅದೇ ಅವಳ ಕಾರ್ಖಾನೆ. ಕಿಟಕಿಯ ಬುಡದಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ನು. ಗೋಡೆಯುದ್ದಕ್ಕೂ ಬಿಸ್ಕತ್ತಿನ ಖಾಲಿ ಡಬ್ಬಿಗಳು, ಒಂದೊಂದರಲ್ಲಿ ಒಂದೊಂದು ಬಣ್ಣ. ಟೈಲರ್ ಅಂಗಡಿಗಳಿಂದ ತಂದ ತುಂಡುಗಳಿಂದ ಅವಳು ಕೂದಲಿಗೆ ಕಟ್ಟುವ ರಬ್ಬರ್ ಮಾಡುತ್ತಾಳೆ. ಎಲಾಸ್ಟಿಕ್ಕಿನ ಸುತ್ತ ಬಟ್ಟೆ ನೆರಿಗೆ ನೆರಿಗೆಯಾಗಿ ಕೂತಿರುತ್ತದಲ್ಲ, ಅದು. ಎದೆಗೆ ಸಿಕ್ಕಿಸುವ ಬಟ್ಟೆಯ ಹೂವು, ರಟ್ಟಿನ ಮೇಲೆ ಬಟ್ಟೆ ಸುತ್ತಿದ ಕಿವಿಯೋಲೆ, ಹತ್ತಿ ತುಂಬಿದ ಮಣಿಯ ಸರ, ಎಲ್ಲವೂ ಅವಳ ಕೈಯಲ್ಲಿ ಆಗುತ್ತವೆ. ನಮ್ಮ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ತೂಗುಹಾಕಿದರೆ ವಾರದಲ್ಲಿ ಖಾಲಿ.

ಒಂದು ಅಭ್ಯಾಸ ಅವಳಿಗಿತ್ತು. ಯಾವ ತುಂಡನ್ನೇ ಆಗಲಿ, ಕತ್ತರಿ ಇಡುವ ಮುಂಚೆ ತೊಡೆಯ ಮೇಲೆ ಹರಡಿಕೊಂಡು, ಅಂಗೈಯಿಂದ ಸವರಿ, "ಯಾರ್ದಮ್ಮಾ ನೀನು?" ಅಂತ ಕೇಳುವುದು. ಎಳೆ ನೋಡಿ, ಅಂಚು ನೋಡಿ, ಮೂಸಿ ನೋಡಿ, ಇದು ಇಂಥವರ ಪರದೆಯದು, ಇದು ಬಸ್ ಕಂಡಕ್ಟರನ ಹೆಂಡತಿಯ ಲಂಗದ್ದು ಅಂತ ಹೇಳಿಬಿಡುತ್ತಿದ್ದಳು.

"ಬಟ್ಟೆ ಮಾತಾಡುತ್ತಾ ಚಿಕ್ಕಮ್ಮ?" ಅಂತ ನಾನು ಛೇಡಿಸುತ್ತಿದ್ದೆ.

"ಆಡುತ್ತೆ. ನಿನ್ನ ಥರ ಬಾಯಿ ಇಲ್ಲ ಅದಕ್ಕೆ, ಅಷ್ಟೆ."

ನಾನು ಲೆಕ್ಕದ ಟೀಚರು. ಇಪ್ಪತ್ತಮೂರು ವರ್ಷದಿಂದ ಮಕ್ಕಳಿಗೆ ಕೂಡಿಸು, ಕಳೆ ಅಂತ ಹೇಳಿಕೊಟ್ಟವಳು. ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದು ನನಗೂ ಇಷ್ಟವಿಲ್ಲದ ವಿಷಯ.

ಆ ತಿಂಗಳ ಶುರುವಿನಲ್ಲಿ ನನ್ನ ಐದನೇ ತರಗತಿಯ ಹುಡುಗಿಯೊಬ್ಬಳು ಭಾಗಾಕಾರದ ಮಧ್ಯೆ ಎದ್ದು ನಿಂತಳು. "ಟೀಚರ್, ರಬ್ಬರ್ ತಗೊಂಡು ಬರ್ತೀನಿ" ಅಂದಳು.

"ಕೈಯಲ್ಲೇ ಇದೆಯಲ್ಲೇ ರಬ್ಬರು!"

ಅವಳು ತನ್ನ ಕೈಯಲ್ಲಿದ್ದ ಅಳಿಸುವ ರಬ್ಬರನ್ನು ನೋಡಿದಳು. "ಇದಲ್ಲ ಟೀಚರ್" ಅಂದಳು. ಬೈದು ಕೂರಿಸಿದೆ. ಮಾರನೆಯ ದಿನ ಮೂರನೇ ತರಗತಿಯಲ್ಲಿ ಇನ್ನೊಬ್ಬಳು ಎದ್ದು ಅದನ್ನೇ ಕೇಳಿದಳು. ಮೊದಲನೆಯವಳ ಹಾಗೆ ಅವಳ ಜಡೆಯ ತುದಿಯಲ್ಲೂ ಸಣ್ಣ ಎಲೆ ಅಚ್ಚಿನ ಹಳದಿ ರಬ್ಬರ್ ಇತ್ತು. ಚಿಕ್ಕಮ್ಮನ ಕೈಕೆಲಸ ಅಂತ ಗುರುತು ಹಿಡಿದೆ, ಆದರೆ ಎರಡನ್ನೂ ಜೋಡಿಸಿ ನೋಡಲಿಲ್ಲ. ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಆಟ ಕಟ್ಟುತ್ತವೆ ಅಂದುಕೊಂಡೆ.

ಮಧ್ಯಾಹ್ನದ ಬಿಡುವಿನಲ್ಲಿ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಚಿಕ್ಕಮ್ಮನಿಗೆ ತಲುಪಿಸುವುದು ನನ್ನ ದಿನದ ಕೆಲಸ. ಮೆಟ್ಟಿಲ ಮೇಲೆ ನನ್ನ ಸದ್ದು ಕೇಳಿದರೆ ಸಾಕು, ಮೆಷಿನ್ ನಿಲ್ಲಿಸದೆ "ಅಕ್ಕ ಕಳ್ಸಿದ್ಲಾ?" ಅನ್ನುತ್ತಾಳೆ. ವರ್ಷಗಟ್ಟಲೆಯಿಂದ ಇದೇ ಮಾತು. ಆ ವಾರ ಒಂದು ದಿನ ಮೆಷಿನ್ ಸದ್ದಿರಲಿಲ್ಲ. ಅವಳು ಕಿಟಕಿಯಲ್ಲಿ ನಿಂತು ಬಸ್ ನಿಲ್ದಾಣದ ಕಡೆಯ ರಸ್ತೆ ನೋಡುತ್ತಿದ್ದಳು. ತಿರುಗದೆಯೇ ಕೇಳಿದಳು.

"ಅಮ್ಮ ಕಳ್ಸಿದ್ರಾ?"

ನನ್ನ ಅಮ್ಮನನ್ನು ಕೇಳುತ್ತಿದ್ದಾಳೆ ಅಂದುಕೊಂಡು "ಹೂಂ, ಕಳ್ಸಿದ್ರು. ಇದೇನು ಅಕ್ಕನಿಗೆ ಹೊಸ ಮರ್ಯಾದೆ?" ಅಂತ ನಕ್ಕೆ. ಅವಳು ನಗಲಿಲ್ಲ. ಡಬ್ಬಿ ತೆಗೆದುಕೊಳ್ಳುವ ಬದಲು ನನ್ನ ಕೈ ಹಿಡಿದುಕೊಂಡಳು, ಎಲ್ಲಿಗೋ ಹೊರಟವರು ಹಿಡಿದುಕೊಳ್ಳುವಂತೆ. ಅರೆ ನಿಮಿಷವಾದ ಮೇಲೆ ತಾನೇ ಬಿಟ್ಟು, "ಏನೇ ಇವತ್ತು ಸಾರು?" ಅಂದಳು.

ಮರುವಾರ ಸೋಮವಾರ, ಅದೇ ಹೊತ್ತಿಗೆ, ಮೂಲೆಯಂಗಡಿಯ ಟೈಲರ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಯಾವ ಬಟ್ಟೆ ಯಾವಾಗ ಕೇಳಿದರೂ "ನಾಳೆ ಬನ್ನಿ" ಅನ್ನುವುದರಿಂದ ಅವನಿಗೆ 'ನಾಳೆ ಟೈಲರ್' ಅಂತಲೇ ಹೆಸರು. ಕೊರಳಲ್ಲಿ ಟೇಪು ಹಾಗೇ ಇತ್ತು. ಅಂಗಡಿ ತೆರೆದಿಟ್ಟೇ ಓಡಿ ಬಂದಿದ್ದ.

"ಅಕ್ಕಾವ್ರೇ, ಹೋದ ಮೂಟೇಲಿ ಒಂದು ಹಳದಿ ಬಟ್ಟೆ ಬಂತಾ? ಸಣ್ಣ ಎಲೆ ಅಚ್ಚು?"

ಚಿಕ್ಕಮ್ಮನ ಕೈಯಲ್ಲಿದ್ದ ಚಮಚ ಡಬ್ಬಿಗೆ ವಾಪಸ್ಸು ಹೋಯಿತು. "ಬಂತು" ಅಂದಳು.

"ಅದು ಚೂರಲ್ಲ ಅಕ್ಕಾವ್ರೇ. ಅಳತೆ ಬಟ್ಟೆ."

ಮೈ ಅಳತೆ ಕೊಡಲು ಬರಲಾಗದವರು, ಸರಿಯಾಗಿ ಕೂರುವ ಹಳೆಯದೊಂದು ಉಡುಪನ್ನು ಟೈಲರಿಗೆ ಕೊಟ್ಟು "ಈ ಅಳತೆಗೆ ಹೊಲೀರಿ" ಅನ್ನುತ್ತಾರಲ್ಲ, ಅದು ಅಳತೆ ಬಟ್ಟೆ. ಅವನ ಅಂಗಡಿಯ ಗೋಡೆಗೆ ಮೊಳೆಗಳ ಸಾಲೇ ಇದೆ, ಎಲ್ಲದರಲ್ಲೂ ಯಾರಯಾರದೋ ಅಳತೆ. ಕೊನೆಯ ಮೊಳೆಯಲ್ಲಿ ಕಾಗದ ಸುತ್ತಿ ಒಂದು ಪುಟ್ಟ ಫ್ರಾಕು ನೇತಾಡುತ್ತಿದ್ದುದನ್ನು ನಾನೂ ನೋಡಿದ್ದೆ.

ಅದು ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವ ಹೆಂಗಸಿನ ಮಗಳದು. ಆ ಹುಡುಗಿ ನಾಲ್ಕು ವರ್ಷದ ಹಿಂದೆ, ಏಳನೇ ವಯಸ್ಸಿನಲ್ಲಿ, ಕಾಣೆಯಾದಳು. ನಾನು ಆಗ ಬೇರೆ ಊರಿನ ಶಾಲೆಯಲ್ಲಿದ್ದೆ. ಕಥೆಯನ್ನು ಪೂರ್ತಿ ಕೇಳಿದ್ದು ಟೈಲರ್ ಬಾಯಿಂದಲೇ.

"ಮಟಮಟ ಮಧ್ಯಾಹ್ನ, ಟೀಚರಮ್ಮ. ಮಗು 'ಅಮ್ಮಾ, ರಬ್ಬರ್ ತಗೊಂಡು ಬರ್ತೀನಿ' ಅಂತು. ತಾಯಿ ಒಳಗಿಂದಾನೇ ಹೂಂ ಅಂದ್ರು. ಬರ್ಲಿಲ್ಲ. ಎಲ್ರೂ ಸ್ಟೇಷನರಿ ಅಂಗಡಿ ಸುತ್ತಮುತ್ತಾನೇ ಹುಡುಕಿದ್ವಿ, ನಾನೂ ಇದ್ದೆ. ಮಾರನೇ ದಿನ ತಾಯಿ ಮಗುವಿನ ಪೆಟ್ಟಿಗೆ ತೆಗೆದು ನೋಡಿದ್ರೆ ಅಳಿಸೋ ರಬ್ಬರ್ ಹೊಸದು, ಹಾಗೇ ಇದೆ. ಅದು ಹೇಳಿದ್ದು ಕೂದಲಿಗೆ ಹಾಕೋ ರಬ್ಬರ್. ಆಗಿನ್ನೂ ಅದು ಇತ್ಲಾಗೆ ಸಿಗ್ತಿರ್ಲಿಲ್ಲ, ಬಸ್ ನಿಲ್ದಾಣದ ಕಡೆ ಅಂಗಡೀಲಿ ಮಾತ್ರ. ಒಂದಿಡೀ ದಿನ ನಾವು ತಪ್ಪು ದಿಕ್ಕಲ್ಲಿ ಹುಡುಕಿದ್ವಿ."

'ಇದಲ್ಲ ಟೀಚರ್.' ನನ್ನ ಐದನೇ ತರಗತಿಯವಳ ಮಾತು ನೆನಪಾಯಿತು. ಸುಳ್ಳು ಯಾಕೆ ಹೇಳಲಿ, ಹೆದರಿಕೆಯೇ ಆಯಿತು.

ಆವತ್ತಿನಿಂದ ಆಕೆ ಪ್ರತಿ ವರ್ಷ ಮಗಳು ಹುಟ್ಟಿದ ದಿನಕ್ಕೆ ಆ ಅಳತೆಯಲ್ಲಿ ಒಂದು ಹೊಸ ಫ್ರಾಕು ಹೊಲಿಸುತ್ತಾಳಂತೆ. ಅಳತೆ ಬದಲಾಯಿಸಕೂಡದು. ಹೊಲಿಗೆಯ ಒಳಗೆ ಬಟ್ಟೆ ಬಿಡಕೂಡದು. ಹೋದ ದಿನ ಎಷ್ಟಿದ್ದಳೋ ಅಷ್ಟೇ. ಮಗು ಇಷ್ಟು ಹೊತ್ತಿಗೆ ಬೆಳೆದಿರುತ್ತದೆ ಅನ್ನುವ ಧೈರ್ಯ ಟೈಲರಿಗೆ ಒಮ್ಮೆಯೂ ಬರಲಿಲ್ಲ. ಫ್ರಾಕು ಮನೆಯಲ್ಲಿದ್ದರೆ ನೋಡುತ್ತಾ ಕೂತುಬಿಡುತ್ತೇನೆ ಅಂತ ಅವನ ಹತ್ತಿರವೇ ಬಿಟ್ಟಿದ್ದಳು.

"ಬಟ್ಟೆ ಜೀರ್ಣ ಆಗಿತ್ತು. ಹೊಲಿಗೆ ಬಿಚ್ಚಿ, ಕಾಗದದ ಮೇಲೆ ಗುರುತು ಹಾಕ್ಕೊಂಡು, ಮತ್ತೆ ಕೂಡಿಸಿ ಇಡೋಣ ಅಂತ ಬಿಚ್ಚಿದ್ದೆ. ಗುರುತು ನಾಳೆ ಹಾಕಿದ್ರಾಯ್ತು ಅಂತ..." ಬಿಚ್ಚಿದ ತೋಳು, ಬೆನ್ನು, ಸೊಂಟದ ಕೆಳಗಿನ ಘೇರು ಎಲ್ಲ ಮೇಜಿನಿಂದ ಜಾರಿ ಚೂರುಗಳ ಮೂಟೆ ಸೇರಿದ್ದವು. "ಶುಕ್ರವಾರ ಹೊಸ ಬಟ್ಟೆ ತಗೊಂಡು ಬರ್ತಾರೆ. ಪುಸ್ತಕದಲ್ಲಿ ಉದ್ದ, ಎದೆ, ಭುಜ ಬರ್ಕೊಂಡಿದೀನಿ. ಅಂಥದೇ ಬಟ್ಟೆ ಹುಡುಕಿ ಇನ್ನೊಂದು ಹೊಲಿದು ನೇತುಹಾಕಿದ್ರೆ ಗೊತ್ತಾಗಲ್ಲ ಅಲ್ವಾ ಅಕ್ಕಾವ್ರೇ?"

"ಮುಟ್ಟಿದ ಕೂಡ್ಲೆ ಗೊತ್ತಾಗುತ್ತೆ" ಅಂದಳು ಚಿಕ್ಕಮ್ಮ. "ಆಕೆ ಹತ್ರ ಮಗಳದು ಅಂತ ಉಳಿದಿರೋದು ಅದೊಂದೇ ಅಳತೆ. ಮೋಸ ಮಾಡೋದು ಬೇಡ. ಅದನ್ನೇ ಕೂಡಿಸಿ ಕೊಡ್ತೀನಿ."

ಅವನು ಹೋದ ಮೇಲೆ ನಾನು ತರಾಟೆಗೆ ತೆಗೆದುಕೊಂಡೆ. "ಪ್ರತಿಯೊಂದನ್ನೂ ಯಾರದು ಅಂತ ಕೇಳ್ತೀಯಲ್ಲ, ಇದನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದೆ ಕಣೇ." ಅವಳು ಕಿಟಕಿಯ ಕಡೆ ನೋಡಿದಳು. "ಅದು ತಿರುಗಿಸಿ ನನ್ನನ್ನೇ ಏನೋ ಕೇಳಿದ ಹಾಗಾಯ್ತು. ಹೆದರಿಕೆಯಾಗಿ ಬೇಗಬೇಗ ಕತ್ತರಿಸಿಬಿಟ್ಟೆ."

ಆ ಬಟ್ಟೆಯಲ್ಲಿ ಆರು ಕೂದಲ ರಬ್ಬರ್, ಎರಡು ಹೂವು ಆಗಿದ್ದವು. ಎಂಟನ್ನೂ ಕೊಂಡವರು ನಮ್ಮ ಶಾಲೆಯ ಹುಡುಗಿಯರೇ. ಬದಲಿಗೆ ಬೇರೆ ಬಣ್ಣದ್ದು ಎರಡೆರಡು ಕೊಡುತ್ತೇನೆ ಅಂತ ಚೀಲ ತುಂಬಿಕೊಂಡು ಮಂಗಳವಾರದಿಂದ ಹುಡುಕಲು ಶುರು ಮಾಡಿದೆ. ಹಟ ಮಾಡುತ್ತಾರೆ, ಅಳುತ್ತಾರೆ ಅಂತ ಎಲ್ಲದಕ್ಕೂ ತಯಾರಾಗಿದ್ದೆ.

ಒಬ್ಬಳೂ ಹಟ ಮಾಡಲಿಲ್ಲ. ಮೊದಲನೆಯವಳು ನನ್ನ ಮುಖವನ್ನೇ ನೋಡಿ, "ಅಮ್ಮ ಕಳ್ಸಿದ್ರಾ?" ಅಂದಳು. ಅವಳ ತಾಯಿಯ ಪರಿಚಯವೇ ನನಗಿಲ್ಲ. ಆದರೂ ಕೆಲಸ ಆದರೆ ಸಾಕು ಅಂತ "ಹೂಂ, ಕಳ್ಸಿದ್ರು" ಅಂದೆ. ಅವಳು ನನ್ನ ಕೈ ಹಿಡಿದುಕೊಂಡು ಹೊರಡಲು ಸಿದ್ಧಳಾಗಿ ನಿಂತಳು. ಜಡೆಯಿಂದ ರಬ್ಬರ್ ಎಳೆದು ತೆಗೆದೆ. ಕೈ ಸಡಿಲವಾಯಿತು. "ಕೆಂಪು ಬಣ್ಣದ್ದು ಇದೆಯಾ ಟೀಚರ್?" ಅಂತ ಚೀಲಕ್ಕೆ ಕೈ ಹಾಕಿದಳು, ಏನೂ ಆಗದವಳಂತೆ.

ಎರಡನೆಯವಳೂ ಅದನ್ನೇ ಕೇಳಿದಳು. ಮೂರನೆಯವಳೂ. ಪ್ರತಿಯೊಬ್ಬಳಿಗೂ ನಾನು "ಹೂಂ" ಅಂದೆ, ಪ್ರತಿಯೊಬ್ಬಳೂ ನನ್ನ ಕೈ ಹಿಡಿದಳು. ಏಳನೆಯದರ ಹೊತ್ತಿಗೆ ಶಾಲೆಯ ಕಾರಿಡಾರಿನಲ್ಲಿ ಒಬ್ಬಳೇ ನಡೆಯಲು ನನಗೆ ಕಾಲು ಬರುತ್ತಿರಲಿಲ್ಲ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ನೂರಾರು ಮಕ್ಕಳು ಕೂಗಾಡುತ್ತಿದ್ದರು, ಆದರೂ.

ಎಂಟನೆಯವಳು ಜ್ವರ ಅಂತ ಶಾಲೆಗೆ ಬಂದಿರಲಿಲ್ಲ. ಬುಧವಾರ ಊಟದ ಬಿಡುವಿನಲ್ಲಿ ಅವಳ ಮನೆಗೆ ಹೋದೆ. ಮಗು ಚಾಪೆಯ ಮೇಲೆ ಮಲಗಿತ್ತು, ರಬ್ಬರನ್ನು ಮಣಿಕಟ್ಟಿಗೆ ಹಾಕಿಕೊಂಡಿತ್ತು. ತಾಯಿ ಅದರ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸುತ್ತಾ ಅತ್ತುಬಿಟ್ಟಳು.

"ಮೂರು ದಿನದಿಂದ ಒಂದೇ ಸಮ 'ಅಮ್ಮ ಕಳ್ಸಿದ್ರಾ, ಅಮ್ಮ ಕಳ್ಸಿದ್ರಾ' ಅಂತಿದಾಳೆ ಟೀಚರ್. ನಾನೇ ಕಣೇ ಅಮ್ಮ, ಇಲ್ಲೇ ಇದೀನಿ ಅಂದ್ರೂ ಗುರುತು ಸಿಗ್ತಿಲ್ಲ."

ಮಗುವಿಗೆ ಹೂಂ ಅಂದು ರಬ್ಬರ್ ತೆಗೆದುಕೊಂಡು ಬಂದೆ. ಆವತ್ತು ಸಂಜೆ ಜ್ವರ ಇಳಿಯಿತು ಅಂತ ಸುದ್ದಿ ಬಂತು. ಮಾತ್ರೆಯಿಂದಲೂ ಇಳಿದಿರಬಹುದು. ಹಾಗಂತಲೇ ನನಗೆ ನಾನು ಹೇಳಿಕೊಂಡೆ.

ಚಿಕ್ಕಮ್ಮ ಒಂದೊಂದನ್ನೂ ಬಿಚ್ಚಿ, ಎಲಾಸ್ಟಿಕ್ ಕಿತ್ತು, ನೆರಿಗೆ ಬಿಡಿಸಿ, ಇಸ್ತ್ರಿ ಹಾಕಿ ನೆಲದ ಮೇಲೆ ಜೋಡಿಸಿದಳು. ತೋಳು ತೋಳಿನ ಜಾಗಕ್ಕೆ, ಕಾಲರ್ ಕಾಲರಿನ ಜಾಗಕ್ಕೆ ಬಂದವು. ಎದೆಯ ಎಡಭಾಗದಲ್ಲಿ ಮಾತ್ರ ಒಂದು ಚೌಕ ಖಾಲಿ ಉಳಿಯಿತು. ಡಬ್ಬಿಗಳನ್ನೆಲ್ಲ ಬೋರಲು ಹಾಕಿ ಹುಡುಕಿದೆವು. ಕೊನೆಗೆ ನಾನೇ ನೋಡಿದೆ. ಅವಳು ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ, ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ಬಟ್ಟೆ ಹಳದಿ, ಸಣ್ಣ ಎಲೆ ಅಚ್ಚಿನದು.

"ಬಿಚ್ಚು ಚಿಕ್ಕಮ್ಮ ಅದನ್ನ" ಅಂದೆ. ಅವಳು ತಲೆ ಎತ್ತಿದಳು. ಕೇಳುವ ಮೊದಲೇ ಏನು ಕೇಳುತ್ತಾಳೆ ಅಂತ ನನಗೆ ಗೊತ್ತಿತ್ತು.

ಈ ಸಲ ನನ್ನ ಬಾಯಿಂದ ಹೂಂ ಹೊರಡಲಿಲ್ಲ. ಸುಮ್ಮನೆ ಗಂಟು ಬಿಚ್ಚಿ ತೆಗೆದೆ. ಅವಳು ಮಣಿಕಟ್ಟು ಉಜ್ಜಿಕೊಂಡು, "ಅಬ್ಬಾ, ಏನೇ ಇದು, ಕೈ ಇಷ್ಟು ಹಗುರಾಗೋಯ್ತು" ಅಂದಳು.

ಗುರುವಾರವಿಡೀ ಹೊಲಿದಳು. ನಾನು ರಜೆ ಹಾಕಿ ಪಕ್ಕದಲ್ಲೇ ಕೂತಿದ್ದೆ. ಬೇರೆ ಬಟ್ಟೆಯ ಒಂದು ಎಳೆಯನ್ನೂ ಅವಳು ಸೇರಿಸಲಿಲ್ಲ ಅಂತ ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಹೊಲಿಗೆ ಬಟ್ಟೆಯನ್ನು ತಿನ್ನುತ್ತದೆ. ಎರಡು ತುಂಡು ಕೂಡಿಸಿದರೆ ಆ ಕಡೆ ಕಾಲಿಂಚು, ಈ ಕಡೆ ಕಾಲಿಂಚು ಒಳಗೆ ಹೋಗುತ್ತದೆ. ಜೊತೆಗೆ ಮೊದಲ ಸಲ ಕತ್ತರಿಸಿದಾಗ ಉದುರಿದ ಚೂರುಗಳು ಯಾವುದೋ ತಲೆದಿಂಬಿನ ಹೊಟ್ಟೆ ಸೇರಿದ್ದವು. ಹಾಗಾಗಿ ಫ್ರಾಕು ಚಿಕ್ಕದಾಗಿಯೇ ಬರುತ್ತದೆ, ಕ್ಷಮಿಸಿ ಅಂತ ಕೇಳಿಕೊಳ್ಳಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಸಂಜೆ ಕೊನೆಯ ದಾರ ಕಡಿದು ಚಿಕ್ಕಮ್ಮ ಕೈಯಲ್ಲಿದ್ದ ಹಳದಿ ಪಟ್ಟಿಯೊಂದನ್ನು ದಿಟ್ಟಿಸಿ ನೋಡಿದಳು.

"ಸಾಲಲ್ಲ ಅಂದ್ಕೊಂಡಿದ್ದೆ. ಉಳೀತು ಕಣೇ."

ಶುಕ್ರವಾರ ಮಧ್ಯಾಹ್ನ ಟೈಲರ್ ಅಂಗಡಿಯಲ್ಲಿ ನಾವು ಮೂವರೂ ಕಾಯುತ್ತಿದ್ದೆವು. ಅಂಚೆಯಾಕೆ ಊಟದ ಬಿಡುವಿನಲ್ಲಿ ಬಂದಳು. ನಲವತ್ತು ದಾಟಿರಲಿಕ್ಕಿಲ್ಲ. ಬೆರಳ ತುದಿಯಲ್ಲಿ ಮುದ್ರೆಯ ಶಾಯಿ ಇತ್ತು, ಕಂಕುಳಲ್ಲಿ ಹೊಸ ಬಟ್ಟೆಯ ಪೊಟ್ಟಣ. ಚಿಕ್ಕಮ್ಮ ಸುತ್ತಿಬಳಸಲಿಲ್ಲ. "ನಿಮ್ಮ ಮಗಳ ಫ್ರಾಕನ್ನ ಚೂರು ಬಟ್ಟೆ ಅಂತ ಕತ್ತರಿಸಿಬಿಟ್ಟೆ ತಾಯಿ. ಮತ್ತೆ ಕೂಡಿಸಿ ತಂದಿದೀನಿ. ತಪ್ಪು ನನ್ನದು" ಅಂದಳು. "ನನ್ನದು" ಅಂದ ಟೈಲರ್.

ಆಕೆ ಕೂಗಾಡುತ್ತಾಳೆ ಅಂತ ಕಾದೆ. ಆಕೆ ಫ್ರಾಕನ್ನು ಮೇಜಿನ ಮೇಲೆ ಹರಡಿ, ಶಾಯಿ ತಾಗದಂತೆ ಕೈ ಮಗುಚಿ, ಹಿಂಗೈಯಿಂದ ಒಂದೊಂದು ಹೊಲಿಗೆಯನ್ನೂ ಸವರಿದಳು.

"ಇಷ್ಟೂ ತುಂಡು ಹೇಗೆ ವಾಪಸ್ಸು ಸಿಕ್ತು?"

ನಾನು ಹೇಳಿದೆ. ರಬ್ಬರ್ ತರುತ್ತೇನೆ ಅಂತ ಎದ್ದವರು, ಕೈ ಹಿಡಿದವರು, ಅವರು ಕೇಳಿದ ಪ್ರಶ್ನೆ, ಎಲ್ಲವನ್ನೂ. ಹೇಳಬಾರದಿತ್ತೋ ಏನೋ, ಆದರೆ ಆ ಮುಖದ ಎದುರು ಮುಚ್ಚಿಡಲು ಆಗಲಿಲ್ಲ.

"ಅಮ್ಮ ಕಳ್ಸಿದ್ರಾ ಅಂತ ಕೇಳಿದ್ರಾ?" ಆಕೆಯ ದನಿ ಇಳಿಯಿತು. "ನೀವೇನಂದ್ರಿ?"

"ಹೌದು ಅಂದೆ."

ಆಕೆ ಸ್ಟೂಲಿನ ಮೇಲೆ ಕುಸಿದು ಕೂತಳು. "ನಾನೇ ಹೇಳಿಕೊಟ್ಟಿದ್ದೆ. ಗೊತ್ತಿಲ್ಲದವರು ಯಾರಾದ್ರೂ ಬಾ ಅಂತ ಕರೆದ್ರೆ, ಅಮ್ಮ ಕಳ್ಸಿದ್ರಾ ಅಂತ ಕೇಳು ಅಂತ. ಅವರು ಹೌದು ಅಂದ್ರೆ ಏನ್ ಮಾಡ್ಬೇಕು ಅಂತ ಹೇಳಿಕೊಡೋಕೆ ನನಗೆ ಹೊಳೀಲೇ ಇಲ್ಲ."

ಎಂಟು ಮಕ್ಕಳಿಗೂ ಹೌದು ಅಂದಿದ್ದೆ ನಾನು.

ಟೈಲರ್ ಕೊರಳಿನ ಟೇಪು ಎಳೆದ. "ಚಿಕ್ಕದಾಗಿರುತ್ತೆ ಅಮ್ಮಾ, ಹೊಲಿಗೆ ತಿಂದಿರುತ್ತೆ. ಪುಸ್ತಕದ ಅಳತೆ ನೋಡಿ ಸರಿ ಮಾಡ್ತೀನಿ" ಅನ್ನುತ್ತಾ ಫ್ರಾಕಿನ ಭುಜಕ್ಕೆ ಟೇಪಿನ ತುದಿ ಒತ್ತಿ, ಅಭ್ಯಾಸಬಲದಿಂದ ಜೋರಾಗಿ ಓದಿದ. "ಉದ್ದ, ಮೂವತ್..." ಅಲ್ಲಿಗೆ ನಿಲ್ಲಿಸಿದ. ಟೇಪನ್ನು ತಿರುಗಿಸಿ ನೋಡಿ ಮತ್ತೆ ಹಿಡಿದ. ನಾನು ಅವನ ಕೈಯಿಂದ ಕಿತ್ತುಕೊಂಡು ನಾನೇ ಅಳೆದೆ.

ಪುಸ್ತಕದಲ್ಲಿ ಉದ್ದ ಇಪ್ಪತ್ತೈದು, ಎದೆ ಇಪ್ಪತ್ತನಾಲ್ಕು, ಭುಜ ಹತ್ತು ಅಂತಿತ್ತು. ಟೇಪಿನಲ್ಲಿ ಉದ್ದ ಮೂವತ್ತೆರಡು, ಎದೆ ಇಪ್ಪತ್ತೆಂಟು, ಭುಜ ಹನ್ನೆರಡು ಬಂತು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಗೊತ್ತು. ಏಳಿಂಚು ಹಿಗ್ಗುವುದಿಲ್ಲ. ಮೂರು ಸಲ ಅಳೆದೆ. ಕಳೆಯಬೇಕಾದ ಲೆಕ್ಕ ಕೂಡಿಕೊಂಡು ಬಂದಿತ್ತು, ಅದನ್ನು ತಪ್ಪು ಅಂತ ಹೊಡೆದು ಹಾಕಲು ನನ್ನ ಕೈಯಲ್ಲಾಗಲಿಲ್ಲ.

"ಎಷ್ಟಿದೆ?" ಅಂತ ಕೇಳಿದಳು ಅಂಚೆಯಾಕೆ.

ಟೈಲರ್ ತಲೆ ತಗ್ಗಿಸಿ ಮೂರೂ ಅಳತೆ ಹೇಳಿದ. ಆಕೆ ಬೆರಳು ಮಡಚಿ ಏನೋ ಎಣಿಸಿದಳು.

"ಹನ್ನೊಂದು ವರ್ಷದ ಹುಡುಗಿಗೆ ಸರಿ ಹೋಗುತ್ತಾ ಅದು?"

"ಸರಿಯಾಗಿ ಹೋಗುತ್ತಮ್ಮ."

ಆಕೆ ತಂದಿದ್ದ ಪೊಟ್ಟಣ ಬಿಚ್ಚಿ ಹೊಸ ಬಟ್ಟೆಯನ್ನು ಹಳದಿ ಫ್ರಾಕಿನ ಪಕ್ಕ ಇಟ್ಟು ನೋಡಿದಳು. "ಹಾಗಾದ್ರೆ ಇದು ಸಾಲಲ್ಲ. ಅಂಗಡಿಗೆ ಹೋಗಿ ಇನ್ನಷ್ಟು ತರ್ತೀನಿ" ಅಂತ ಎದ್ದಳು. ಚಿಕ್ಕಮ್ಮನ ಕೈಯನ್ನು ಒಮ್ಮೆ ಮುಟ್ಟಿದಳು. ಹೊಸ್ತಿಲು ದಾಟಿದವಳು ಏನೋ ನೆನಪಾದಂತೆ ನಿಂತು ತಿರುಗಿದಳು.

"ಈ ಸಲ ಒಳಗೆ ಎರಡಿಂಚು ಬಟ್ಟೆ ಬಿಡಿ" ಅಂದಳು. "ಬೆಳೆಯೋ ಮಗು."